ಘಟ್ಟದವನ ಮುಳುಗಾಟ

ನಮ್ಮ ತೋಟದ ಕೆರೆ ಎದೆಮಟ್ಟಕ್ಕಿಂತ ಆಳವಿಲ್ಲ. ಆದರೂ ನಾನು ಹೈಸ್ಕೂಲು ಮುಗಿಸುವ ತನಕ ನಮ್ಮ ಆಯಿ, ಅಂದರೆ ಅಮ್ಮ, ದಿನಕ್ಕೊಮ್ಮೆಯಾದರೂ ಅಡುಗೆಮನೆ ಕಿಟಕಿಯಿಂದ ಕೂಗುತ್ತಿದ್ದಳು: "ಕೆರೆ ಬದಿಗೆ ಹೋಗಡ ತಮಾ, ಮುಳುಗ್ತೆ!"

ಈಗ ನನಗೆ ನಲವತ್ತಾರು. ಕಳೆದ ಡಿಸೆಂಬರಿನಲ್ಲಿ ನೇತ್ರಾಣಿ ದ್ವೀಪದ ಪಕ್ಕ, ಸೊಂಟಕ್ಕೆ ನಾಲ್ಕು ಕಿಲೋ ಸೀಸ ಕಟ್ಟಿಕೊಂಡು, ಬೆನ್ನಿಗೆ ಸಿಲಿಂಡರ್ ಹೊತ್ತುಕೊಂಡು, ಅರಬ್ಬಿ ಸಮುದ್ರದಲ್ಲಿ ಮುಳುಗಲು ಒದ್ದಾಡುತ್ತಿದ್ದೆ. ಆಗುತ್ತಿರಲಿಲ್ಲ. ಒಣಗಿದ ತೆಂಗಿನಕಾಯಿ ಹಾಗೆ ತೇಲುತ್ತಿದ್ದೆ. ಸುತ್ತ ಇದ್ದವರೆಲ್ಲ ಒಬ್ಬೊಬ್ಬರಾಗಿ ನೀರಿನೊಳಗೆ ಮಾಯವಾದರು. ನಾನು ಮತ್ತು ಒಂದು ಖಾಲಿ ನೀರಿನ ಬಾಟಲಿ ಮಾತ್ರ ಮೇಲೆ ಉಳಿದೆವು.

ಇದಕ್ಕೆಲ್ಲ ಕಾರಣ ನಮ್ಮ ಕ್ಲಬ್ಬು.

ನಾನು ಶಿರಸಿ ಕಡೆಯವ. ನೌಕರಿಗೆಂದು ಕಾರವಾರಕ್ಕೆ ಬಂದು ಹನ್ನೆರಡು ವರ್ಷವಾಯಿತು. ಇಲ್ಲಿಯವರು ನಮ್ಮನ್ನು 'ಘಟ್ಟದ ಮೇಲಿನವರು' ಅನ್ನುತ್ತಾರೆ. ಅದರೊಳಗೆ ಇನ್ನೊಂದು ಮಾತು ಕೂತಿರುತ್ತದೆ: ಪಾಪ, ಇವರಿಗೆ ಮೀನೂ ಗೊತ್ತಿಲ್ಲ, ನೀರೂ ಗೊತ್ತಿಲ್ಲ. ಮೀನಿನ ವಿಷಯದಲ್ಲಿ ನಾನು ಏನೂ ಮಾಡುವ ಹಾಗಿರಲಿಲ್ಲ. ನೀರಿನದ್ದಾದರೂ ಸರಿ ಮಾಡೋಣ ಅಂತ ಸ್ಕೂಬಾ ಕ್ಲಬ್ಬಿಗೆ ಹೆಸರು ಕೊಟ್ಟೆ.

ಸದಸ್ಯರು ಒಟ್ಟು ಹನ್ನೊಂದು ಜನ. ಅದರಲ್ಲಿ ನಿಜವಾಗಿ ಡೈವ್ ಮಾಡಿದವರು ಇಬ್ಬರು. ಉಳಿದವರು ಡೈವಿಂಗ್ ಬಗ್ಗೆ ಮಾತಾಡುವವರು. ಜೂನ್ ಬಂತೆಂದರೆ ಕಡಲು ಕೆರಳುತ್ತದೆ. ಯಾಂತ್ರಿಕ ಬೋಟುಗಳಿಗೇ ಜೂನ್ 1ರಿಂದ ಜುಲೈ 31ರ ತನಕ 61 ದಿನ ರಜೆ. ನಮಗೆ ಸೆಪ್ಟೆಂಬರ್ ಮುಗಿಯುವ ತನಕ. ಆ ನಾಲ್ಕು ತಿಂಗಳು ಕ್ಲಬ್ಬಿನ ಚಟುವಟಿಕೆ ಎಂದರೆ ಭಜಿ ತಿನ್ನುವುದು. ಮಳೆ ಬಿಟ್ಟ ಸಂಜೆ ಟಾಗೋರ್ ಬೀಚಿನಲ್ಲಿ ಸಭೆ. 1883ರಲ್ಲಿ, ಜಿಲ್ಲಾ ನ್ಯಾಯಾಧೀಶರಾಗಿದ್ದ ಅಣ್ಣನ ಮನೆಗೆ ಬಂದಿದ್ದ ಇಪ್ಪತ್ತೆರಡರ ಟಾಗೋರರು ಈ ಕಡಲು ನೋಡಿ ನಾಟಕ ಬರೆದರು. ನಾವು ಅದೇ ಕಡಲು ನೋಡುತ್ತ ಯಾರು ವರ್ಗಣಿ ಕೊಟ್ಟಿಲ್ಲ ಎಂಬ ಪಟ್ಟಿ ಬರೆಯುತ್ತೇವೆ.

ಕಾರವಾರದಲ್ಲೇ ಕಡಲಿದೆಯಲ್ಲ, ನೇತ್ರಾಣಿಗೆ ಯಾಕೆ ಹೋಗಬೇಕು ಅಂತ ನಾನೂ ಕೇಳಿದ್ದೆ. ಕಾಳಿ ನದಿ ಇಲ್ಲೇ ಸಮುದ್ರ ಸೇರುತ್ತದೆ. ಅದು ತರುವ ಕೆಸರಿನಲ್ಲಿ ನಮ್ಮ ಕೈ ನಮಗೇ ಕಾಣುವುದಿಲ್ಲ. ಒಮ್ಮೆ ಅನುಭವಸ್ಥರಿಬ್ಬರು ಇಲ್ಲೇ ಇಳಿದರಂತೆ. ಕೆಳಗೆ ಇಬ್ಬರೂ ಕೈ ಕೈ ಹಿಡಿದುಕೊಂಡು ಧೈರ್ಯವಾಗಿ ಇದ್ದರಂತೆ. ಮೇಲೆ ಬಂದಾಗ ಗೊತ್ತಾಯಿತು, ಒಬ್ಬರು ಹಿಡಿದಿದ್ದು ಬೋಟಿನ ಲಂಗರಿನ ಹಗ್ಗ. ಇನ್ನೊಬ್ಬರು ಹಿಡಿದಿದ್ದು ಏನು ಎಂದು ಅವರು ಇವತ್ತಿಗೂ ಹೇಳಿಲ್ಲ.

ಹಾಗಾಗಿ ಮೊದಲು ಈಜುಕೊಳದಲ್ಲಿ ತರಬೇತಿ, ಆಮೇಲೆ ನೇತ್ರಾಣಿ ಎಂದು ತೀರ್ಮಾನವಾಯಿತು. ಕಲಿಸುವ ಹುಡುಗನಿಗೆ ಇಪ್ಪತ್ತಾರು ವರ್ಷ. ನಾವು ಅವನನ್ನು ಮಾಸ್ತರು ಅನ್ನುತ್ತಿದ್ದೆವು. ಅವನು ನನ್ನನ್ನು ಅಂಕಲ್ ಅನ್ನುತ್ತಿದ್ದ. ಮೊದಲು ಆರೋಗ್ಯದ ಫಾರಂ ತುಂಬಿಸಿದ. ಅಸ್ತಮಾ ಇದೆಯಾ, ಎದೆನೋವು ಇದೆಯಾ, ಕಿವಿ ಆಪರೇಷನ್ ಆಗಿದೆಯಾ ಎಂದು ಉದ್ದದ ಪಟ್ಟಿ. ನಮ್ಮ ಖಜಾಂಚಿಗಳು ಎಲ್ಲದಕ್ಕೂ 'ಹೌದು' ಎಂದು ಗೀಟು ಹಾಕಿದರು. ಕೇಳಿದರೆ, "ಇನ್ಶೂರೆನ್ಸ್ ಸಿಕ್ಕೀತು ಅಂದ್ಕೊಂಡೆ" ಅಂದರು. ಡಾಕ್ಟರ ಪತ್ರ ತರುವ ತನಕ ಅವರನ್ನು ಕೊಳದ ದಡದಲ್ಲೇ ಕೂರಿಸಲಾಯಿತು.

ಸಿಲಿಂಡರಿನಲ್ಲಿ ಇರುವುದು ಆಕ್ಸಿಜನ್ ಅಲ್ಲ, ಮಾಮೂಲಿ ಗಾಳಿ. ಕಾರಿನ ಟೈರಿಗಿಂತ ಹತ್ತಿರ ಹತ್ತಿರ ನೂರು ಪಟ್ಟು ಒತ್ತಡದಲ್ಲಿ ಗಿಡಿದು ತುಂಬಿರುತ್ತಾರೆ. ಇದನ್ನು ನಮ್ಮ ಮಾವನವರಿಗೆ ಫೋನಿನಲ್ಲಿ ವಿವರಿಸಿದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, "ಗಾಳಿಗೆ ದುಡ್ಡು ಕೊಟ್ಯಾ? ನಮ್ಮ ತೋಟದಲ್ಲಿ ಪುಕ್ಕಟೆ ಇದ್ದಿತ್ತು" ಅಂದರು.

ನನಗೆ ಕಷ್ಟವಾಗಿದ್ದು ಗಾಳಿಯಲ್ಲ, ಎಂಜಲು. ನಮ್ಮ ಮನೆಯಲ್ಲಿ ಚೊಂಬಿಗೆ ತುಟಿ ತಾಗಿಸದೆ ನೀರು ಎತ್ತಿ ಕುಡಿಯಬೇಕು. ಅಜ್ಜಿ ಇದ್ದಾಗ ಅಪ್ಪಿತಪ್ಪಿ ತಾಗಿದರೆ ಆ ಚೊಂಬನ್ನು ಹುಣಸೆಹಣ್ಣು ಹಾಕಿ ತಿಕ್ಕುವ ಶಿಕ್ಷೆ. ಹಾಗೆ ಬೆಳೆದವನ ಕೈಗೆ ಮಾಸ್ತರು ಒಂದು ರಬ್ಬರಿನ ಕೊಳವೆ ಕೊಟ್ಟು, "ಕಚ್ಚಿ ಹಿಡೀರಿ ಅಂಕಲ್" ಅಂದ. ಅದರ ತುದಿಯಲ್ಲಿ ಹಲ್ಲಿನ ಗುರುತುಗಳಿದ್ದವು. ಒಬ್ಬರದ್ದಲ್ಲ, ಒಂದು ಊರಿನದ್ದು.

"ಔಷಧಿ ನೀರಲ್ಲಿ ತೊಳ್ದಿದೆ."

ಕಣ್ಣು ಮುಚ್ಚಿ ಕಚ್ಚಿದೆ. ಅದಾದ ಮೇಲಿನ ಪಾಠ ಇನ್ನೂ ಘೋರ. ನೀರಿನಡಿ ನಮ್ಮ ಕೊಳವೆ ಬಾಯಿಂದ ತೆಗೆದು, ಪಕ್ಕದವರ ಬಳಿ ಇರುವ ಹೆಚ್ಚುವರಿ ಕೊಳವೆಯಿಂದ ಉಸಿರಾಡಬೇಕು. ಗಾಳಿ ಮುಗಿದರೆ ಬೇಕಾಗುತ್ತದಂತೆ. ಅಜ್ಜಿ ಎಲ್ಲಿಂದಲಾದರೂ ನೋಡುತ್ತಿದ್ದಾಳಾ ಅಂತ ನಾನು ಕೊಳದ ತಳದಲ್ಲಿ ಒಮ್ಮೆ ಮೇಲೆ ನೋಡಿದೆ.

ಮೂರನೆಯದು ಮಾಸ್ಕು. "ಈಗ ಇದರೊಳಗೆ ಉಗೀರಿ" ಅಂದ.

"ಎಲ್ಲಿ?"

"ಗಾಜಿಗೆ. ಸವರಿ, ಒಂಚೂರು ತೊಳೆದು ಹಾಕ್ಕೊಳ್ಳಿ. ಮಂಜು ಹಿಡಿಯಲ್ಲ."

ಇದು ಹೌದಂತೆ. ಜಗತ್ತಿನ ಎಲ್ಲ ಡೈವರುಗಳೂ ಉಗಿಯುತ್ತಾರಂತೆ. ಆದರೆ ಉಗಿಯಬಾರದೆಂದು ಕಲಿತ ಬಾಯಿ ಕರೆದಾಗ ಬರುತ್ತದೆಯೇ? ಬಾಯಿ ಒಣಗಿ ಹಪ್ಪಳವಾಯಿತು. ಕೊನೆಗೆ ಮಾವಿನಕಾಯಿಯ ಅಪ್ಪೆಹುಳಿ ನೆನಪು ಮಾಡಿಕೊಂಡೆ. ಬಂತು.

ಕಿವಿಯ ಪಾಠದಲ್ಲಿ ಮಾತ್ರ ನಾನೇ ಮೊದಲಿಗ. ಇಳಿಯುವಾಗ ಕಿವಿ ಕಟ್ಟುತ್ತದೆ, ಮೂಗು ಹಿಡಿದು ಮೆಲ್ಲಗೆ ಊದಬೇಕು. ಶಿರಸಿಯಿಂದ ಕುಮಟಾ ಬಸ್ಸಿನಲ್ಲಿ ದೇವಿಮನೆ ಘಟ್ಟ ಇಳಿದವರಿಗೆ ಇದು ಹೊಸತೇನಲ್ಲ ಎಂದು ಜಂಬದಿಂದ ಹೇಳಿದೆ. ಮಾಸ್ತರು ಪೆನ್ನು ತೆಗೆದು ಲೆಕ್ಕ ಹಾಕಿದ. ಆರುನೂರು ಮೀಟರ್ ಘಟ್ಟ ಇಳಿದರೆ ಕಿವಿಗೆ ಆಗುವ ಒತ್ತಡದ ವ್ಯತ್ಯಾಸ ನೀರಿನಲ್ಲಿ ಮುಕ್ಕಾಲು ಮೀಟರ್ ಇಳಿದರೇ ಆಗಿಬಿಡುತ್ತದಂತೆ. ಹತ್ತು ಮೀಟರಿಗೆ ಒತ್ತಡ ಎರಡು ಪಟ್ಟು. ಇಡೀ ದೇವಿಮನೆ ಘಟ್ಟ ನಮ್ಮ ತೋಟದ ಕೆರೆಯಷ್ಟೂ ಆಗಲಿಲ್ಲ.

ಮುರುಡೇಶ್ವರದಿಂದ ಬೋಟು ಹೊರಟಿದ್ದು ಬೆಳಿಗ್ಗೆ. ನೇತ್ರಾಣಿಗೆ ಹತ್ತೊಂಬತ್ತು ಕಿಲೋಮೀಟರ್, ಒಂದೂವರೆ ತಾಸು. ವಾಂತಿ ಮಾತ್ರೆಯನ್ನು ಹೊರಡುವ ಒಂದು ತಾಸು ಮೊದಲೇ ನುಂಗಬೇಕಿತ್ತು. ನಾನು ವಾಂತಿ ಬಂದ ಮೇಲೆ ನುಂಗಿದೆ. ಅದು ವಾಂತಿಯ ಜೊತೆಗೇ ಹೋಯಿತು. ದೂರದ ಒಂದೇ ವಸ್ತುವನ್ನು ನೋಡುತ್ತಿದ್ದರೆ ಒಳ್ಳೆಯದು ಎಂದರು. 123 ಅಡಿಯ ಶಿವನನ್ನೇ ನೋಡುತ್ತ ಕೂತೆ. ಶಿವ ಮೊದಲು ಮನೆಯಷ್ಟಿದ್ದ, ಆಮೇಲೆ ಚೊಂಬಿನಷ್ಟಾದ, ಆಮೇಲೆ ಅಡಿಕೆಯಷ್ಟಾದ. ಅಡಿಕೆ ಎಂದಕೂಡಲೇ ಡೀಸೆಲ್ ವಾಸನೆ ಮೂಗಿಗೆ ಬಡಿದು, ಬೆಳಿಗ್ಗೆ ತಿಂದ ಅವಲಕ್ಕಿಯೂ ಸಮುದ್ರಪಾಲು. ಬೋಟಿನವ ಸಮಾಧಾನ ಹೇಳಿದ: "ಚಿಂತಿ ಮಾಡ್ಬೇಡಿ, ಮೀನಿಗೆ ಊಟ ಆಯ್ತು."

ದ್ವೀಪದ ಮೇಲೆ ಜಟ್ಟಿಗ ದೇವರಿದ್ದಾನೆ, ಮೀನುಗಾರರು ಹರಕೆ ಹೊರುತ್ತಾರೆ ಎಂದು ಅವನೇ ಹೇಳಿದ. ಬಂಡೆಗೆ ಬೋಟು ಹತ್ತಿರವಾದಾಗ ನಾನೂ ಮನಸ್ಸಿನಲ್ಲೇ ಒಂದು ತೆಂಗಿನಕಾಯಿ ಹೇಳಿಕೊಂಡೆ.

ಆಮೇಲೆ ನೀರಿಗೆ ಬಿದ್ದೆ, ತೇಲಿದೆ. ಅದನ್ನು ಮೊದಲೇ ಹೇಳಿದೆನಲ್ಲ. ಕಾರಣವನ್ನು ಬೋಟಿನಿಂದಲೇ ವಿವರಿಸಿದವರು ನಮ್ಮ ಹಿರಿಯ ಸದಸ್ಯರು, ನಿವೃತ್ತ ಹೆಡ್‌ಮಾಸ್ತರರು. ಕೊಳದ ನೀರಿಗಿಂತ ಉಪ್ಪು ನೀರು ನೂರಕ್ಕೆ ಎರಡೂವರೆ ಪಾಲು ಭಾರ. ನಾನು, ಸಿಲಿಂಡರು, ನನ್ನ ಹೊಟ್ಟೆ ಎಲ್ಲ ಸೇರಿ ನೂರು ಕಿಲೋ. ಆದ್ದರಿಂದ ಎರಡೂವರೆ ಕಿಲೋ ಸೀಸ ಜಾಸ್ತಿ ಬೇಕು. ಏಳನೇ ಕ್ಲಾಸಿನ ಲೆಕ್ಕ. "ತಿಳೀತಾ?" ಎಂದು ಕೇಳಿದರು. ಬಾಯಲ್ಲಿ ಕೊಳವೆ ಇಟ್ಟುಕೊಂಡು ತಲೆ ಆಡಿಸಿದೆ. ಮಾಸ್ತರು ಸೀಸ ಸೇರಿಸಿ, "ಉಸಿರು ಪೂರ್ತಿ ಬಿಡಿ ಅಂಕಲ್, ಬಲೂನ್ ಥರ ಹಿಡ್ಕೊಂಡಿದ್ದೀರಿ" ಅಂದ. ಬಿಟ್ಟೆ. ಇಳಿದೆ.

ಕೆಳಗೆ ಮಾತಿಲ್ಲ, ಬರೀ ಸನ್ನೆ. ಹೆಬ್ಬೆರಳು, ತೋರುಬೆರಳು ಸೇರಿಸಿ ಉಂಗುರ ಮಾಡಿದರೆ 'ಸರಿಯಿದೆ'. ಹೆಬ್ಬೆರಳು ಎತ್ತಿದರೆ 'ಮೇಲೆ ಹೋಗೋಣ'. ಇದನ್ನು ಕೊಳದಲ್ಲಿ ಹತ್ತು ಸಲ ಹೇಳಿದ್ದ. ಮೂರು ಮೀಟರ್ ಇಳಿದಾಗ ಮಾಸ್ತರು ಉಂಗುರ ತೋರಿಸಿದ: ಸರಿ ಇದ್ದೀರಾ? ಬಹಳ ಚೆನ್ನಾಗಿದ್ದೇನೆ ಎಂದು ಹೆಬ್ಬೆರಳು ಎತ್ತಿದೆ. ಮೇಲಕ್ಕೆ ಕರೆದುಕೊಂಡು ಹೋದ. "ಏನಾಯ್ತು?" "ಏನೂ ಇಲ್ಲವಲ್ಲ." ಮತ್ತೆ ಇಳಿದೆವು. ಈ ಸಲ ಐದು ಮೀಟರ್. ಅಲ್ಲೊಂದು ಹಳದಿ ಚಿಟ್ಟೆಮೀನು ನನ್ನ ಮಾಸ್ಕಿಗೇ ಬಂದು ಇಣುಕಿತು. ಸಂತೋಷ ತಡೆಯಲಾಗದೆ ಎರಡೂ ಹೆಬ್ಬೆರಳು ಎತ್ತಿದೆ. ಮತ್ತೆ ಮೇಲಕ್ಕೆ. ಮೂರನೇ ಸಲ ಮಾಸ್ತರು ನನ್ನ ಎರಡೂ ಹೆಬ್ಬೆರಳನ್ನು ತನ್ನ ಮುಷ್ಟಿಯಲ್ಲಿ ಹಿಡಿದುಕೊಂಡೇ ಕೆಳಗೆ ಕರೆದೊಯ್ದ. ಸಪ್ತಪದಿಯಲ್ಲೂ ನನ್ನ ಕೈಯನ್ನು ಯಾರೂ ಅಷ್ಟು ಬಿಗಿಯಾಗಿ ಹಿಡಿದಿರಲಿಲ್ಲ.

ಒಂಬತ್ತು ಮೀಟರಿನಲ್ಲಿ ಸುಮ್ಮನೆ ನಿಂತೆ. ಏನು ಹೇಳುವುದು! ನನ್ನ ಉಸಿರಿನ ಸದ್ದು ಬಿಟ್ಟರೆ ಎಲ್ಲಿಂದಲೋ ಕರಕರ ಎಂಬ ಇನ್ನೊಂದು ಸದ್ದು. ಯಾರೋ ಹಲಸಿನ ಹಪ್ಪಳ ತಿನ್ನುತ್ತಿದ್ದ ಹಾಗೆ. ನೋಡಿದರೆ ಗಿಳಿಮೀನು. ಕೊಕ್ಕಿನಂಥ ಹಲ್ಲಿನಿಂದ ಹವಳದ ಬಂಡೆ ಕೆರೆದು ಅಗಿಯುತ್ತಿತ್ತು. ಅಗಿದಿದ್ದು ಹಿಂದಿನಿಂದ ಬಿಳಿ ಮರಳಾಗಿ ಉದುರುತ್ತಿತ್ತು. ಪ್ರವಾಸಿಗರು ಕಾಲು ಚಾಚಿ ಮಲಗುವ ಎಷ್ಟೋ ಬಿಳಿ ಮರಳಿನ ದಂಡೆಗಳು ಹೀಗೇ ಆದದ್ದಂತೆ. ಗೊತ್ತಾದ ಮೇಲೆ ಮಲಗುವುದು ಕಷ್ಟ.

ನನ್ನ ಪಕ್ಕದಲ್ಲಿದ್ದ ಅಂಕೋಲೆಯ ಗೆಳೆಯ ಮಾತ್ರ ಬೇರೆಯೇ ಲೋಕದಲ್ಲಿದ್ದ. ಒಂದೊಂದು ಮೀನು ಬಂದಾಗಲೂ ಬೆರಳು ಮಡಚುತ್ತಿದ್ದ. ಮೇಲೆ ಬಂದ ಮೇಲೆ ವರದಿ ಒಪ್ಪಿಸಿದ: "ಎರಡು ಫ್ರೈಗೆ ಅಡ್ಡಿಲ್ಲ, ಒಂದು ಸಾರಿಗೆ, ಉಳಿದದ್ದು ಬರೀ ಚಂದ." ನನಗೆ ಎಲ್ಲವೂ ಬರೀ ಚಂದವೇ.

ಹೆಡ್‌ಮಾಸ್ತರರ ಕತೆ ಬೇರೆ. ಅವರೂ ನಮ್ಮ ಕಡೆಯವರೇ, ಬಾಯಲ್ಲಿ ಸದಾ ಎಲೆಯಡಿಕೆಯ ಕವಳ. ಇಳಿಯುವ ಮೊದಲು ಕವಳ ಉಗಿಯಿರಿ ಎಂದಿದ್ದಕ್ಕೆ ಉಗಿದಿದ್ದರು, ಮಾಸ್ಕಿನೊಳಗೇ. ತೊಳೆದದ್ದು ಅರ್ಧಂಬರ್ಧ. ಮೇಲೆ ಇದ್ದಾಗ ಕಡಲೆಲ್ಲ ಕೆಂಪಗೆ ಕಂಡು, "ಸೂರ್ಯಾಸ್ತದ ಹಾಗಿದೆ" ಎಂದು ಖುಷಿಪಟ್ಟರು. ನೀರು ಮೊದಲು ನುಂಗುವುದೇ ಕೆಂಪು ಬಣ್ಣವನ್ನು. ಐದಾರು ಮೀಟರ್ ಇಳಿಯುವಷ್ಟರಲ್ಲಿ ಅವರ ಸೂರ್ಯಾಸ್ತ ಮಸಿಯಾಯಿತು. ಕಣ್ಣೇ ಹೋಯಿತು ಎಂದು ಗಾಬರಿಯಾಗಿ ಹೆಬ್ಬೆರಳು ಎತ್ತಿದರು. ಇಡೀ ದಿನದಲ್ಲಿ ಹೆಬ್ಬೆರಳನ್ನು ಸರಿಯಾದ ಅರ್ಥದಲ್ಲಿ ಎತ್ತಿದವರು ಅವರೊಬ್ಬರೇ.

ಎರಡನೇ ಡೈವ್ ಮುಗಿದು ಬೋಟು ಹತ್ತಿದಾಗ ಮಧ್ಯಾಹ್ನ ಒಂದು ಗಂಟೆ. ಆಗ ಮಾಸ್ತರು ಹೇಳಿದ: ಎರಡು ಡೈವ್ ಮಾಡಿದವರು 18 ತಾಸು ವಿಮಾನ ಹತ್ತಬಾರದು. ನಾವು ನಕ್ಕೆವು. ನಮ್ಮಲ್ಲಿ ಯಾರು ವಿಮಾನ ಹತ್ತುವವರು?

"ಎತ್ತರದ ಘಟ್ಟಕ್ಕೂ ಅದೇ ಲೆಕ್ಕ. ಹತ್ತದೇ ಇದ್ರೆ ಒಳ್ಳೇದು."

ನನ್ನ ನಗು ನಿಂತಿತು. ಮರುದಿನ ಬೆಳಗಿನ ಜಾವ ಶಿರಸಿಯಲ್ಲಿ ಭಾವನ ಹೊಸ ಮನೆ ಗೃಹಪ್ರವೇಶ. ಹೆಂಡತಿಗೆ ಫೋನು ಮಾಡಿದೆ. "ಘಟ್ಟ ಹತ್ತಬಾರದಂತೆ" ಅಂದೆ. "ಹಪ್ಪಳ ಕರಿಯಲೆ ಜನ ಇಲ್ಲೆ ಹೇಳದೇ ತಡ, ನಿಂಗಕ್ಕೆ ನೆಪ ಸಿಕ್ತು" ಅಂದಳು. ಫೋನು ಆಯಿಯ ಕೈಗೆ ಹೋಯಿತು. ಮೈಯಲ್ಲಿ ನೈಟ್ರೋಜನ್ ಕರಗಿರುತ್ತದೆ, ಅದು ಮೆಲ್ಲಗೆ ಹೊರಗೆ ಹೋಗಬೇಕು, ಅವಸರದಲ್ಲಿ ಎತ್ತರಕ್ಕೆ ಹೋದರೆ ಸೋಡಾ ಬಾಟಲಿ ತೆಗೆದ ಹಾಗೆ ಗುಳ್ಳೆಯೇಳುತ್ತದೆ ಎಂದೆಲ್ಲ ವಿವರಿಸಿದೆ. ಆಯಿ ಪೂರ್ತಿ ಕೇಳಿದಳು.

"ಅಂದ್ರೆ ಮೈಲಿಗೆ."

"ಮೈಲಿಗೆ ಅಲ್ದೇ, ನೈಟ್ರೋಜನ್ನು."

"ಎಷ್ಟು ತಾಸು?"

"ಹದಿನೆಂಟು."

"ಹಾಂಗೆ ಹೇಳು ಮತ್ತೆ. ಮುಗಿಸ್ಕಂಡೇ ಬಾ."

ಮುಗಿಯಿತು. ಹೆಂಡತಿಯ ತಕರಾರು ನಿಂತಿತು, ಭಾವನೂ ಒಪ್ಪಿದ, ಪುರೋಹಿತರೂ 'ಶಾಸ್ತ್ರ ಇದ್ದರೆ ಪಾಲಿಸಬೇಕು' ಅಂದರಂತೆ. ಆ ರಾತ್ರಿ ಕುಮಟಾದ ಗೆಳೆಯನ ಮನೆಯಲ್ಲಿ, ಸಮುದ್ರಮಟ್ಟದಲ್ಲಿ, ನೆಮ್ಮದಿಯಿಂದ ನಿದ್ದೆ ಹೊಡೆದೆ. ಬೆಳಿಗ್ಗೆ ಏಳಕ್ಕೆ ಗಡುವು ಮುಗಿಯಿತು. ತಿಂಡಿ ತಿಂದು ಬಸ್ಸು ಹತ್ತಿದೆ. ದೇವಿಮನೆಯಲ್ಲಿ ಕಿವಿ ಕಟ್ಟಿತು. ಊದಿದೆ, ಬಿಟ್ಟಿತು.

ಭಾವನ ಮನೆ ಮುಟ್ಟಿದಾಗ ಎಲೆ ಹಾಕುತ್ತಿದ್ದರು. ಆಯಿ ಚೊಂಬು ಹಿಡಿದು ಬಾಗಿಲಲ್ಲೇ ನಿಂತಿದ್ದಳು. ಗೋಡೆಯ ಗಡಿಯಾರ ನೋಡಿದಳು, ಬೆರಳು ಮಡಚಿ ಎಣಿಸಿದಳು.

"ಮುಗತ್ತಾ?"

"ಮುಗತ್ತು."

ಕಾಲಿಗೆ ನೀರು ಕೊಟ್ಟಳು. ಒಳಗೆ ಕಾಲಿಡುವಾಗ ಹಿಂದಿನಿಂದ ಮೆಲ್ಲಗೆ ಹೇಳಿದಳು:

"ಹಿತ್ಲಕಡಿಗೆ ಹೊಸ ಬಾವಿ ತೆಗೆದ್ದ. ಕಟ್ಟೆ ಇನ್ನೂ ಕಟ್ಟಿದ್ದಿಲ್ಲೆ. ಅತ್ಲಾಗೆ ಹೋಗಡ ತಮಾ, ಮುಳುಗ್ತೆ."