ಸ್ಪಷ್ಟನೆ: ಆನ್‌ಲೈನ್ ಸರ್ಟಿಫಿಕೇಟ್ ತೋರಿಸಿ ಹಾಸ್ಟೆಲ್‌ನಲ್ಲಿ ನಾಯಿ ಸಾಕಬಹುದೇ?

‘ಅಮೆರಿಕದ ವಿಶ್ವವಿದ್ಯಾಲಯಗಳ ಹಾಸ್ಟೆಲ್‌ನಲ್ಲಿ ನಾಯಿ ಇಟ್ಟುಕೊಳ್ಳಲು ಆನ್‌ಲೈನ್‌ನಲ್ಲಿ ಸರ್ಟಿಫಿಕೇಟ್ ಕೊಂಡರೆ ಸಾಕು’ ಎಂಬ ಸಂದೇಶ ಹರಿದಾಡುತ್ತಿದೆ. ಇದು ತಪ್ಪು, ದಯವಿಟ್ಟು ದುಡ್ಡು ಕಳೆದುಕೊಳ್ಳಬೇಡಿ. ಅಲ್ಲಿ ಸೇವಾ ನಾಯಿಗಳಿಗೆ ಕಡ್ಡಾಯ ನೋಂದಣಿಯೇ ಇಲ್ಲ. ಫಿಟ್ಸ್ ಬರುವ ಮುನ್ನ ಎಚ್ಚರಿಸುವುದು, ಅಂಧರಿಗೆ ದಾರಿ ತೋರುವುದು, ಹೀಗೆ ಅಂಗವೈಕಲ್ಯಕ್ಕೆ ಸಂಬಂಧಿಸಿದ ನಿರ್ದಿಷ್ಟ ಕೆಲಸ ಕಲಿತ ನಾಯಿಯೇ ಸೇವಾ ನಾಯಿ. ಸಿಬ್ಬಂದಿ ಕೇಳಬಹುದಾದ ಪ್ರಶ್ನೆಗಳು ಎರಡೇ: ಅಂಗವೈಕಲ್ಯದ ಕಾರಣಕ್ಕೆ ಬೇಕಾದ ನಾಯಿಯೇ? ಯಾವ ಕೆಲಸ ಕಲಿತಿದೆ?

ಬರೀ ಜೊತೆಗಿದ್ದು ಮನಸ್ಸಿಗೆ ಆಸರೆಯಾಗುವ ನಾಯಿಯ ದಾರಿ ಬೇರೆ. ವಸತಿಯಲ್ಲಿ ತಾರತಮ್ಯ ತಡೆಯುವ ಅಲ್ಲಿನ ಕಾನೂನಾದ ಫೇರ್ ಹೌಸಿಂಗ್ ಆ್ಯಕ್ಟ್ ಅಡಿ, ನಿಮಗೆ ಚಿಕಿತ್ಸೆ ಕೊಡುತ್ತಿರುವವರ ಪತ್ರದೊಂದಿಗೆ ವಿಶ್ವವಿದ್ಯಾಲಯಕ್ಕೆ ಅರ್ಜಿ ಹಾಕಿ, ಒಪ್ಪಿಗೆ ಬಂದ ಮೇಲೆಯೇ ನಾಯಿ ತನ್ನಿ. ಆ ಒಪ್ಪಿಗೆ ವಸತಿಗಷ್ಟೇ, ತರಗತಿಗಲ್ಲ. ಈ ಎರಡೂ ಬಗೆಯ ನಾಯಿಗಳಿಗೆ ಸಾಕುಪ್ರಾಣಿ ಶುಲ್ಕವಿಲ್ಲ. ಬಾಗಿಲು, ಕಾರ್ಪೆಟ್ ಕೆರೆದು ಹಾಳುಮಾಡಿದರೆ ಮಾತ್ರ ದುರಸ್ತಿ ಖರ್ಚು ನಿಮ್ಮದು.