ಆ ರಾತ್ರಿ ಮಗು ಉಂಡು ಮಲಗಿತ್ತೇ?

ಬಿಹಾರದ ಮುಜಫ್ಫರ್‌ಪುರದಲ್ಲಿ ಲಿಚಿ ಹಣ್ಣಾಗುವ ಕಾಲಕ್ಕೆ ಸರಿಯಾಗಿ, ರಾತ್ರಿ ಆರೋಗ್ಯವಾಗಿಯೇ ಮಲಗಿದ್ದ ಮಕ್ಕಳು ನಸುಕಿನಲ್ಲಿ ಚೀರಿ ಎದ್ದು, ಫಿಟ್ಸ್ ಬಂದು, ಪ್ರಜ್ಞೆ ತಪ್ಪುತ್ತಿದ್ದರು. 1995ರಿಂದಲೂ ಹೀಗೆ ನಡೆಯುತ್ತಿತ್ತು. ಮೆದುಳಿನ ಸೋಂಕು ಎಂದರು, ಬಿಸಿಲಿನ ಝಳ ಎಂದರು, ತೋಟಕ್ಕೆ ಹೊಡೆದ ಕೀಟನಾಶಕ ಎಂದರು. 2014ರ ಮೇ 26ರಿಂದ ಜುಲೈ 17ರವರೆಗೆ ಅಲ್ಲಿನ ಎರಡು ಆಸ್ಪತ್ರೆಗಳಿಗೆ ದಾಖಲಾದ 390 ಮಕ್ಕಳಲ್ಲಿ 122 ಮಕ್ಕಳು ತೀರಿಕೊಂಡರು.

ಆ ವರ್ಷ ತನಿಖೆಗಿಳಿದವರು ರಾಷ್ಟ್ರೀಯ ರೋಗ ನಿಯಂತ್ರಣ ಕೇಂದ್ರ ಮತ್ತು ಅಮೆರಿಕದ ರೋಗ ನಿಯಂತ್ರಣ ಸಂಸ್ಥೆಯಾದ ಸಿಡಿಸಿಯ ತಜ್ಞರು. ಅವರೊಂದಿಗೆ ಎಪಿಡೆಮಿಕ್ ಇಂಟೆಲಿಜೆನ್ಸ್ ಸರ್ವಿಸ್ ಎಂಬ, ರೋಗ ಹಬ್ಬಿದಾಗ ಕಾರಣ ಹುಡುಕುವುದನ್ನು ಕಲಿಸುವ ಕಾರ್ಯಕ್ರಮದಲ್ಲಿ ತರಬೇತಿ ಪಡೆಯುತ್ತಿದ್ದ ಅಧಿಕಾರಿಗಳೂ ಇದ್ದರು. ಅವರು ಕಾಯಿಲೆಯಾದ 104 ಮಕ್ಕಳನ್ನೂ, ಅದೇ ವಯಸ್ಸಿನ, ಬೇರೆ ಕಾರಣಕ್ಕೆ ಆಸ್ಪತ್ರೆಗೆ ಬಂದಿದ್ದ 104 ಮಕ್ಕಳನ್ನೂ ಎದುರುಬದುರು ಇಟ್ಟು, ಎರಡೂ ಕಡೆಯ ತಾಯಂದಿರನ್ನು ಒಂದೇ ಬಗೆಯ ಪ್ರಶ್ನೆಗಳನ್ನು ಕೇಳಿದರು. ಮಗು ಲಿಚಿ ತಿಂದಿತ್ತೇ, ತೋಟಕ್ಕೆ ಹೋಗಿತ್ತೇ, ಹಿಂದಿನ ರಾತ್ರಿ ಊಟ ಮಾಡಿತ್ತೇ ಎಂಬಂಥ ಪ್ರಶ್ನೆಗಳವು. ಈ ಕೊನೆಯ ಪ್ರಶ್ನೆಯ ಬಗ್ಗೆ ನನಗೆ ಅಪಾರ ಗೌರವವಿದೆ. ಲಿಚಿಯಲ್ಲಿರುವ ಹೈಪೊಗ್ಲೈಸಿನ್ ಎಂಬ ಅಂಶವು ದೇಹ ತಾನೇ ಸಕ್ಕರೆ ತಯಾರಿಸಿಕೊಳ್ಳುವುದನ್ನು ತಡೆಯುತ್ತದೆ. ಹಗಲೆಲ್ಲ ಹಣ್ಣು ತಿಂದು ರಾತ್ರಿ ಉಣ್ಣದೆ ಮಲಗಿದ ಬಡಕಲು ಮಗುವಿನ ಯಕೃತ್ತಿನಲ್ಲಿ ಸಕ್ಕರೆಯ ಉಳಿತಾಯವೂ ಇರುವುದಿಲ್ಲ; ರಕ್ತದ ಸಕ್ಕರೆ ಕುಸಿದು ಫಿಟ್ಸ್ ಬರುತ್ತದೆ. ದಾಖಲಾದಾಗ ರಕ್ತಪರೀಕ್ಷೆಯಾದ 327 ಮಕ್ಕಳಲ್ಲಿ 204 ಮಕ್ಕಳ ಸಕ್ಕರೆ ಡೆಸಿಲೀಟರ್‌ಗೆ 70 ಮಿಲಿಗ್ರಾಂ ಅಥವಾ ಅದಕ್ಕಿಂತ ಕೆಳಗಿತ್ತು. ಮಕ್ಕಳಿಗೆ ರಾತ್ರಿಯೂಟ ತಪ್ಪಿಸಬೇಡಿ, ಲಿಚಿಗೆ ಮಿತಿ ಇರಲಿ, ಆಸ್ಪತ್ರೆಗೆ ಬಂದ ಕೂಡಲೇ ಗ್ಲೂಕೋಸ್ ಕೊಡಿ ಎಂಬುದು ಆ ತಂಡದ ಸಲಹೆಯಾಗಿತ್ತು.

ಇಂಥ ಪ್ರಶ್ನೆ ಕೇಳುವುದನ್ನು ಎರಡು ದಿನದ ಕಾರ್ಯಾಗಾರದಲ್ಲಿ, ಪರದೆಯ ಮೇಲೆ ಸ್ಲೈಡ್ ಓಡಿಸಿ ಕಲಿಸಲು ಆಗದು ಎಂಬುದು ಇಷ್ಟು ವರ್ಷ ಆರೋಗ್ಯ ಸಿಬ್ಬಂದಿಗೆ ಪಾಠ ಹೇಳಿದ ಮೇಲೆ ನನಗೆ ಬಂದಿರುವ ದೃಢವಾದ ಅಭಿಪ್ರಾಯ. ಚೆನ್ನೈನ ರಾಷ್ಟ್ರೀಯ ಸಾಂಕ್ರಾಮಿಕ ರೋಗಶಾಸ್ತ್ರ ಸಂಸ್ಥೆಯಲ್ಲಿ 2001ರಿಂದ, ದೆಹಲಿಯ ರಾಷ್ಟ್ರೀಯ ರೋಗ ನಿಯಂತ್ರಣ ಕೇಂದ್ರದಲ್ಲಿ 2012ರಿಂದ ನಡೆಯುತ್ತಿರುವ ಎರಡು ವರ್ಷದ ತರಬೇತಿಗಳಲ್ಲಿ ತರಗತಿಗಿಂತ ಕ್ಷೇತ್ರದ ಕೆಲಸವೇ ಹೆಚ್ಚು. ನಿಜವಾದ ರೋಗ ಹಬ್ಬಿರುವ ಊರಿಗೆ ಹೋಗಿ, ಅನುಭವಿಯೊಬ್ಬರ ಕಣ್ಣಳತೆಯಲ್ಲಿ ತಪ್ಪು ಮಾಡಿ, ತಿದ್ದಿಕೊಂಡು ಕಲಿಯಬೇಕು. ಆದರೆ ಹಾಗೆ ಕಲಿತವರು ರಾಜ್ಯಕ್ಕೆ ಕೈಬೆರಳೆಣಿಕೆಯಷ್ಟಿದ್ದರೆ, ಅವರು ಊರು ತಲುಪುವಷ್ಟರಲ್ಲಿ ನೀರಿನ ಟ್ಯಾಂಕ್ ತೊಳೆದಾಗಿರುತ್ತದೆ, ಜಾತ್ರೆಯ ಅಡುಗೆ ಚೆಲ್ಲಿಯಾಗಿರುತ್ತದೆ.

ಮೊದಲು ಮನೆಬಾಗಿಲಿಗೆ ಹೋಗುವವರು ಆಶಾ ಕಾರ್ಯಕರ್ತೆ ಮತ್ತು ಉಪಕೇಂದ್ರದ ಆರೋಗ್ಯ ಸಿಬ್ಬಂದಿ. ಕೆಲವು ವರ್ಷಗಳ ಹಿಂದೆ ಒಂದು ಹಳ್ಳಿಯಲ್ಲಿ ವಾಂತಿಭೇದಿ ಕಾಣಿಸಿಕೊಂಡಾಗ ನಾನು ಹೋಗಿದ್ದೆ. ಹೆಸರು, ವಯಸ್ಸು, ಕೊಟ್ಟ ಮಾತ್ರೆ, ಇವಿಷ್ಟೂ ಪಟ್ಟಿಯಲ್ಲಿದ್ದವು; ಭೇದಿ ಶುರುವಾದ ದಿನ ಯಾವುದು, ಕುಡಿಯುವ ನೀರು ಯಾವ ನಲ್ಲಿಯದು ಎಂಬ ಎರಡು ಕಾಲಂ ಇರಲಿಲ್ಲ. ಸಿಬ್ಬಂದಿಯ ಶ್ರಮದಲ್ಲಿ ಕೊರತೆಯಿರಲಿಲ್ಲ, ಆ ಕಾಲಂಗಳು ಏಕೆ ಬೇಕೆಂದು ಅವರಿಗೆ ಯಾರೂ ಹೇಳಿಕೊಟ್ಟಿರಲಿಲ್ಲ. ನಾವು ಮತ್ತೆ ಮನೆಮನೆ ಸುತ್ತಿ ಅವನ್ನು ತುಂಬಿದ ಮೇಲೆ, ಕಾಯಿಲೆ ಬಿದ್ದವರಲ್ಲಿ ಹೆಚ್ಚಿನವರು ಚರಂಡಿಯೊಳಗೆ ಹಾದುಹೋಗುವ ಒಂದೇ ಪೈಪಿನ ನೀರು ಕುಡಿಯುವವರೆಂದು ಕಂಡಿತು. ಆ ಪೈಪು ಒಡೆದ ಜಾಗ ಊರಿನ ನೀರುಗಂಟಿಗೆ ಮೊದಲೇ ಗೊತ್ತಿತ್ತು, ಅವರನ್ನು ಕೇಳಿದವರಿರಲಿಲ್ಲ.

ಊರಿನವರ ಮಾತಿಗೆ ಕಿವಿಗೊಡುವುದೂ ತರಬೇತಿಯ ಭಾಗವೇ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನ ಸುತ್ತ ವಿಚಿತ್ರ ಜ್ವರ ಕಾಣಿಸಿದಾಗ, ಮಂಗಗಳೂ ಸಾಯುತ್ತಿವೆ ಎಂಬುದನ್ನು ಅಲ್ಲಿನ ಜನ ಗಮನಿಸಿದ್ದರು. ಪುಣೆಯ ವೈರಸ್ ಸಂಶೋಧನಾ ಕೇಂದ್ರದ ವಿಜ್ಞಾನಿಗಳು ಆ ಸುಳಿವನ್ನು ಹಿಡಿದು, ಹಳದಿ ಜ್ವರವಿರಬಹುದೇ ಎಂಬ ಆತಂಕದಿಂದ ಹೊರಟು, ಉಣ್ಣೆ ಹುಳುಗಳಿಂದ ಹರಡುವ ಹೊಸ ವೈರಸ್‌ವರೆಗೆ, ಅಂದರೆ ಮಂಗನ ಕಾಯಿಲೆಯ ಮೂಲದವರೆಗೆ ತಲುಪಿದರು. ಇಂದಿಗೂ ಮಲೆನಾಡಿನಲ್ಲಿ ಸತ್ತ ಮಂಗದ ಸುದ್ದಿ ಮೊದಲು ಮುಟ್ಟುವುದು ಅರಣ್ಯ ವೀಕ್ಷಕರಿಗೆ, ಸೊಪ್ಪು ತರಲು ಹೋದವರಿಗೆ. ಆದ್ದರಿಂದ ಪಶುವೈದ್ಯರನ್ನೂ ಅರಣ್ಯ ಸಿಬ್ಬಂದಿಯನ್ನೂ ಅದೇ ತರಬೇತಿಯಲ್ಲಿ ಕೂರಿಸಬೇಕೆಂದು ನಾನು ಒತ್ತಾಯಿಸುತ್ತೇನೆ.

ಹಲವು ದೇಶಗಳಲ್ಲಿ ಮೂರು ತಿಂಗಳ ತಳಮಟ್ಟದ ತರಬೇತಿಯಿದೆ. ಅದರಲ್ಲಿ ಸಿಬ್ಬಂದಿ ಕೆಲವು ದಿನ ಪಾಠ ಕೇಳಿ, ತಮ್ಮ ಊರಿಗೇ ಮರಳಿ, ತಮ್ಮದೇ ದಾಖಲೆಗಳ ಮೇಲೆ ಕೆಲಸ ಮಾಡಿ, ಮತ್ತೆ ಬಂದು ತೋರಿಸುತ್ತಾರೆ. ನಮ್ಮ ಪ್ರತಿ ತಾಲ್ಲೂಕಿನಲ್ಲೂ ಹೀಗೆ ಕಲಿತ ನಾಲ್ಕೈದು ಜನ ಇರಬೇಕು, ಕಲಿತ ಮೇಲೆ ಅವರನ್ನು ಬೇರೆ ಸಮೀಕ್ಷೆಗಳಿಗೆ ಎಳೆದುಕೊಳ್ಳಬಾರದು. ಕಾರಣ ಗೊತ್ತಾದ ಮೇಲೂ ಕೆಲಸ ಮುಗಿಯುವುದಿಲ್ಲ: ಮುಜಫ್ಫರ್‌ಪುರದ ಸುತ್ತಮುತ್ತ 2019ರಲ್ಲಿ ಮತ್ತೆ ನೂರಕ್ಕೂ ಹೆಚ್ಚು ಮಕ್ಕಳು ಅದೇ ಬಗೆಯ ಕಾಯಿಲೆಯಿಂದ ಸತ್ತರು. ಪ್ರತಿ ಬೇಸಿಗೆಯಲ್ಲೂ ಸಂಜೆ ಮನೆಗಳಿಗೆ ಹೋಗಿ, ಮಗುವಿಗೆ ಊಟ ಹಾಕಿದಿರಾ ಎಂದು ಕೇಳುವವರು ಅದೇ ಊರಿನಲ್ಲಿ ಇರಬೇಕಾಗುತ್ತದೆ.