‘ಹತ್ತು ವರ್ಷ ಅಡಗಿರುತ್ತೆ’ ಅನ್ನುವುದು ತಪ್ಪು

‘ಎಚ್‌ಐವಿ ಹತ್ತು ವರ್ಷ ಅಡಗಿರುತ್ತೆ, ನೆಗೆಟಿವ್ ಬಂದ್ರೂ ನಂಬಬೇಡಿ’ ಎಂಬ ಸಂದೇಶ ವಾಟ್ಸಾಪ್‌ನಲ್ಲಿ ಸುತ್ತುತ್ತಿದೆ. ಇದು ತಪ್ಪು. ಚಿಕಿತ್ಸೆ ಇಲ್ಲದಿದ್ದರೆ ಏಡ್ಸ್ ಹಂತ ತಲುಪಲು ಹತ್ತು ವರ್ಷ ಹಿಡಿಯಬಹುದು, ನಿಜ. ಆದರೆ ಅದು ಕಾಯಿಲೆ ಬಲಿಯುವ ಲೆಕ್ಕ, ಪರೀಕ್ಷೆಯದ್ದಲ್ಲ.

ಸೋಂಕು ತಗುಲಿರಬಹುದಾದ ದಿನದಿಂದ ಲೆಕ್ಕ ಹಾಕಿದರೆ, ರಕ್ತನಾಳದಿಂದ ರಕ್ತ ತೆಗೆದು ಲ್ಯಾಬ್‌ನಲ್ಲಿ ಮಾಡುವ ನಾಲ್ಕನೇ ತಲೆಮಾರಿನ (ವೈರಸ್‌ನ ಅಂಶ, ಅದರ ವಿರುದ್ಧ ದೇಹ ತಯಾರಿಸುವ ಪ್ರತಿಕಾಯ ಎರಡನ್ನೂ ಹುಡುಕುವ) ಪರೀಕ್ಷೆ 45 ದಿನಕ್ಕೆ, ಬೆರಳು ಚುಚ್ಚಿ ಮಾಡುವ ರ‍್ಯಾಪಿಡ್ ಪರೀಕ್ಷೆ 90 ದಿನಕ್ಕೆ ನಂಬಿಕಸ್ಥ ಉತ್ತರ ಕೊಡುತ್ತವೆ. ಸೋಂಕು ತಡೆಯುವ ಮಾತ್ರೆ ತೆಗೆದುಕೊಂಡವರು ಮಾತ್ರ ವೈದ್ಯರು ಹೇಳಿದಷ್ಟು ದಿನ ಕಾಯಬೇಕು.

ಇಷ್ಟು ದಿನ ಕಳೆದ ಮೇಲೆ ಮಾಡಿಸಿದ ನೆಗೆಟಿವ್ ರಿಪೋರ್ಟ್ ಕೈಯಲ್ಲಿದ್ದರೂ ಕನ್ನಡಿ ಮುಂದೆ ನಾಲಿಗೆ ಚಾಚಿ ಬಿಳಿ ಮಚ್ಚೆ ಹುಡುಕುತ್ತಿದ್ದೀರಾ? ಕುತ್ತಿಗೆ ಒತ್ತಿ ಒತ್ತಿ ನೋವು ಬರಿಸಿಕೊಳ್ಳುತ್ತಿದ್ದೀರಾ? ಅದು ಆತಂಕ, ಸೋಂಕಲ್ಲ. ಇನ್ನೊಂದು ಪರೀಕ್ಷೆಯ ಸಮಾಧಾನ ಜಾಸ್ತಿ ದಿನ ಉಳಿಯಲ್ಲ. ಸುಮ್ನೆ ಒಬ್ಬರೇ ಒದ್ದಾಡಬೇಡಿ, 14416ಕ್ಕೆ ಕರೆ ಮಾಡಿ. ಇದು ಟೆಲಿ ಮಾನಸ್, ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ, ಉಚಿತ.